ಗೋಡೆ ಮೇಲಿನ ಬೆಕ್ಕು, ಗೋಡೆಯೊಳಗಿನ ಮುಧೋಳ: ಒಂದು ನೆರೆಹೊರೆ ಜಗಳದ ಪ್ರಕರಣ

ಮೈಸೂರಿನ ಹೊರವಲಯದ ಬಡಾವಣೆ. 30×40ರ ಎರಡು ಸೈಟು, ಅವುಗಳ ನಡುವೆ ಐದಡಿ ಎತ್ತರದ ಸಾಲಿಡ್ ಬ್ಲಾಕ್ ಕಾಂಪೌಂಡ್ ಗೋಡೆ. ಒಂದು ಕಡೆ ಬೆಕ್ಕಿನ ಮನೆ, ಇನ್ನೊಂದು ಕಡೆ ನಾಯಿ ಮನೆ. ಬೀದಿಯವರು ಕರೆಯುವುದೂ ಹಾಗೆಯೇ, ಇಲ್ಲೂ ಅದೇ ಹೆಸರು ಸಾಕು. ಇದು ಒಂದೇ ಮನೆಯ ವರದಿಯಲ್ಲ. ಇಂಥ ಜಗಳಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಗೋಡೆಯ ಎರಡು ಬದಿಗೆ ಜೋಡಿಸಿ ಬರೆದದ್ದು. ಲೆಕ್ಕಗಳೂ ಆ ಜೋಡಣೆಯವೇ.

ಬೆಕ್ಕಿನ ಮನೆಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು. ಸಾಕಿದ್ದು ಎರಡು: ಬೂದು ಬಣ್ಣದ ಹೆಣ್ಣು ಬೆಕ್ಕು, ಅದರದೇ ಏಳು ತಿಂಗಳ ಕೆಂಚು ಗಂಡು ಮರಿ. ಎರಡಕ್ಕೂ ಮರಿಯಾಗದಂತೆ ಮಾಡುವ ಆಪರೇಷನ್ ಆಗಿರಲಿಲ್ಲ. ನಾಯಿ ಮನೆಯಲ್ಲಿ ಕೆಲಸಕ್ಕೆ ಹೋಗುವ ಗಂಡ ಹೆಂಡತಿ, ಒಂದು ಮಗು ಮತ್ತು ಎರಡೂವರೆ ವರ್ಷದ ಗಂಡು ಮುಧೋಳ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಾಯಿಯ ಲೋಕವೆಂದರೆ ಮನೆ ಮತ್ತು ಗೋಡೆಯ ಮಧ್ಯದ ಮೂರಡಿ ಅಗಲದ ಓಣಿ. ಅದರ ಒಂದು ತುದಿಯಲ್ಲಿ ಗೇಟು, ಇನ್ನೊಂದು ತುದಿಯಲ್ಲಿ ಬಟ್ಟೆ ಒಗೆಯುವ ಕಲ್ಲು.

ಮುಧೋಳ ಎಂಬುದು ಇಲ್ಲಿ ಸಣ್ಣ ವಿಷಯವಲ್ಲ. ಬಾಗಲಕೋಟೆ ಕಡೆಯ ಈ ತಳಿ ಮೊಲದ ಬೇಟೆಗೆ ಹೆಸರಾದದ್ದು. ಇದು ವಾಸನೆಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ಚಿಕ್ಕದೊಂದು ಪ್ರಾಣಿ ಸರಕ್ಕನೆ ಓಡಿದರೆ ಸಾಕು, ಬೆನ್ನಟ್ಟಲೇಬೇಕು ಅನ್ನುವುದು ಅದರ ರಕ್ತದಲ್ಲಿದೆ. ಅಂಥ ನಾಯಿಯ ಕಣ್ಣೆದುರಿನ ಗೋಡೆಯ ಮೇಲೆ ದಿನಕ್ಕೆ ಎರಡು ಮೂರು ಸಲ ಬೆಕ್ಕು ನಡೆದು ಹೋಗುತ್ತದೆ. ನಾಯಿ ಬೊಗಳುತ್ತದೆ, ಬೆಕ್ಕು ದಾಟಿ ಹೋಗುತ್ತದೆ. ಬೆಕ್ಕು ಹೋದದ್ದು ತನ್ನ ದಾರಿ ಹಿಡಿದು, ಆದರೆ ನಾಯಿಯ ಲೆಕ್ಕದಲ್ಲಿ ತಾನು ಓಡಿಸಿದ್ದು. ಪ್ರತಿ ಸಲವೂ ಬೊಗಳುವುದು ಗೆಲ್ಲುತ್ತದೆ. ಹೀಗೆ ದಿನಕ್ಕೆ ಎರಡು ಮೂರು ಸಲ ಅಭ್ಯಾಸವಾದ ಬೊಗಳುವಿಕೆಯನ್ನು ಗದರಿಸಿ ನಿಲ್ಲಿಸಲು ಬರುವುದಿಲ್ಲ. ಗದರಿದರೆ ಮನೆಯವರೂ ತನ್ನ ಜೊತೆ ಸೇರಿ ಬೊಗಳುತ್ತಿದ್ದಾರೆ ಎಂದುಕೊಳ್ಳುವ ನಾಯಿಗಳೇ ಹೆಚ್ಚು.

ಬೆಕ್ಕಿಗೂ ಆ ಗೋಡೆ ಪಕ್ಕದ ಮನೆಯದಲ್ಲ. ಅದು ಅದರ ರಸ್ತೆ. ಅಡುಗೆಮನೆಯ ಸಜ್ಜಾದಿಂದ ಗೋಡೆ, ಗೋಡೆಯ ಕೊನೆಯಿಂದ ಹಿಂದಿನ ಖಾಲಿ ಸೈಟು. ಅಲ್ಲಿ ಯಾರೋ ಕಟ್ಟಡಕ್ಕೆಂದು ತಂದು ಬಿಟ್ಟ ಮರಳಿನ ರಾಶಿ. ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಕಕ್ಕಸು ಸಿಕ್ಕುವುದಿಲ್ಲ. ಮಳೆ ಬಂದು ಮರಳು ತೊಯ್ದ ದಿನ ನಾಯಿ ಮನೆಯ ತುಳಸಿ ಕುಂಡ.

ಮಾತು ಬೆಳೆದದ್ದು ಅಲ್ಲಿಂದಲೇ.

"ಏನ್ ಆಂಟೀ, ತುಳಸಿ ಬುಡದಲ್ಲಿ ಮತ್ತೆ ಗಲೀಜು. ನೀರು ಹಾಕಕ್ಕೆ ಹೋದ್ರೆ ಕೈಗೆ ಬಂತು."

"ಬೆಕ್ಕಿಗೆ ನಿಮ್ ಕಾಂಪೌಂಡು ನಮ್ ಕಾಂಪೌಂಡು ಅಂತ ಗೊತ್ತಾಗುತ್ತೇನಮ್ಮಾ? ನಮ್ಮದೇ ಅಂತ ಹೆಂಗೆ ಹೇಳ್ತೀಯ? ನೀವು ಮೊದ್ಲು ಆ ನಾಯಿನ ಕಟ್ಟಾಕಿ. ಬೆಳಗಿನ ಜಾವ ಐದಕ್ಕೆ ಶುರು ಮಾಡುತ್ತೆ."

ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಕಟ್ಟಾಕಿ ಎಂಬ ಸಲಹೆಯನ್ನು ನಾಯಿ ಮನೆಯವರು ಪಾಲಿಸಿದರು. ಗೇಟಿನ ಪಕ್ಕ ನಾಲ್ಕಡಿ ಸರಪಳಿ. ಬೊಗಳುವುದು ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. ಆಗುವುದೂ ಹಾಗೆಯೇ. ಮೊದಲು ಗೋಡೆಯುದ್ದಕ್ಕೂ ಓಡಿ ಕಳೆಯುತ್ತಿದ್ದ ಆವೇಶಕ್ಕೆ ಈಗ ಜಾಗವಿಲ್ಲ, ಎದುರಿಗೆ ಕಾಣುವುದು ಬೀದಿ ಪೂರ್ತಿ. ಬೆಕ್ಕಿನ ಜೊತೆಗೆ ಹಾಲಿನವನು, ಪೇಪರಿನವನು, ಕಸದ ಆಟೋ ಎಲ್ಲವೂ ಪಟ್ಟಿಗೆ ಸೇರಿದವು. ಕೊನೆಗೆ ಬಿಚ್ಚಿ ಮತ್ತೆ ಓಣಿಗೇ ಬಿಟ್ಟರು. ಸದಾ ಗಿಡ್ಡ ಸರಪಳಿಯಲ್ಲಿ ಕಟ್ಟುವುದು, ಕಟ್ಟಿದ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ ಎಂದೇ ಬರೆದಿದೆ. ಹಾಗಾಗಿ 'ಕಟ್ಟಾಕಿ' ಎಂದು ಒತ್ತಾಯಿಸುವ ಮುನ್ನ ಪಕ್ಕದ ಮನೆಯವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಮನೆಮದ್ದುಗಳ ಕಾಲ

ಮುಂದಿನ ಎರಡು ತಿಂಗಳು ನಾಯಿ ಮನೆಯವರು ಬೆಕ್ಕನ್ನು ತಡೆಯಲು ಮಾಡಿದ ಪ್ರಯೋಗಗಳು ಕರ್ನಾಟಕದ ಯಾವ ಬೀದಿಗೆ ಹೋದರೂ ಕಾಣುವಂಥವು.

ಮೊದಲು ನೀಲಿ ನೀರಿನ ಬಾಟಲಿ. ಬಟ್ಟೆಗೆ ಹಾಕುವ ನೀಲಿ ಕಲಸಿ ಗೇಟಿನ ಬಳಿ ಇಡುವುದು ನಾಯಿ ಓಡಿಸಲು ಬಂದ ಪದ್ಧತಿ. ಇಲ್ಲಿ ಬೆಕ್ಕಿಗೂ ವಿಸ್ತರಿಸಿದರು. ಎರಡಕ್ಕೂ ಕೆಲಸ ಮಾಡುವುದಿಲ್ಲ. ಮೊದಲ ದಿನ ಹೊಸ ವಸ್ತು ಎಂದು ಪ್ರಾಣಿ ಸುತ್ತು ಹಾಕಿ ಹೋಗಬಹುದು, ಮೂರನೇ ದಿನ ಅದಕ್ಕೇ ಮೈ ಉಜ್ಜುತ್ತದೆ.

ಆಮೇಲೆ ನುಸಿಗುಳಿಗೆ, ಅಂದರೆ ನ್ಯಾಫ್ತಲಿನ್ ಉಂಡೆ. ತುಳಸಿ ಕುಂಡದ ಸುತ್ತ ಹತ್ತು ಹನ್ನೆರಡು ಉಂಡೆ ಇಟ್ಟರು. ಇದು ಬೆಕ್ಕಿಗೂ ವಿಷ, ನಾಯಿಗೂ ವಿಷ, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಇನ್ನೂ ಕೆಟ್ಟದ್ದು. ಖಾರದ ಪುಡಿ ಎರಚಿದ್ದು ಗಾಳಿಗೆ ಹಾರಿ ಮೊದಲು ನಾಯಿಯ ಮೂಗಿಗೇ ಹೋಯಿತು. ಉಚ್ಚೆಯ ವಾಸನೆಗೆಂದು ಸುರಿದ ಕಪ್ಪು ಫಿನಾಯಿಲ್ ಇನ್ನೊಂದು ಅಪಾಯ. ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಕರಗಿಸಿ ಹೊರಹಾಕಲಾರದು. ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಮೈಗೇರುತ್ತದೆ. ಬ್ಲೀಚಿಂಗ್ ಪೌಡರನ್ನು ಹಸಿ ಉಚ್ಚೆಯ ಮೇಲೆ ಹಾಕಿದರೆ ಏಳುವ ಘಾಟು ಮನುಷ್ಯರ ಶ್ವಾಸಕ್ಕೇ ಕೆಟ್ಟದ್ದು.

ಕೊನೆಗೆ ಆನ್‌ಲೈನಿನಲ್ಲಿ ತರಿಸಿದ ಅಲ್ಟ್ರಾಸೋನಿಕ್ ಯಂತ್ರ. ಮನುಷ್ಯರ ಕಿವಿಗೆ ಕೇಳದ, ಬೆಕ್ಕಿಗೆ ಕೇಳುವ ಶಬ್ದ ಮಾಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅದು ನಿಜವೇ. ಆದರೆ ನಾಯಿಯ ಕಿವಿಯೂ ಸುಮಾರು 45 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ಇಂಥ ಯಂತ್ರಗಳು ಸಾಮಾನ್ಯವಾಗಿ 20-25ರ ಆಸುಪಾಸಿನಲ್ಲೇ ಕೂಗುತ್ತವೆ. ಬೆಕ್ಕು ಹತ್ತು ಸೆಕೆಂಡಿನಲ್ಲಿ ದಾಟಿ ಹೋಗುತ್ತಿತ್ತು. ಓಣಿಯಲ್ಲೇ ಇರುವ ನಾಯಿ ಮಾತ್ರ ದಿನವಿಡೀ ಆ ಕಿರುಚಾಟ ಕೇಳುತ್ತಿತ್ತು, ಬೆಕ್ಕು ಬಂದಾಗಲಂತೂ ತಪ್ಪದೆ. ಬೆಕ್ಕು ಎಂದರೆ ಕಿವಿನೋವು ಎಂದು ನಾಯಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕಚ್ಚಿದ್ದು ಯಾರನ್ನು

ಒಂದು ಸಂಜೆ ಗೋಡೆಯ ಮೇಲೆ ಬೆಕ್ಕು. ನಾಯಿ ಒಗೆಯುವ ಕಲ್ಲಿನ ಮೇಲೆ ಮುಂಗಾಲಿಟ್ಟು ಎದ್ದಿದೆ. ಯಜಮಾನರು ಹಿಂದಿನಿಂದ ಬಂದು ಕುತ್ತಿಗೆಪಟ್ಟಿಗೆ ಕೈ ಹಾಕಿ ಎಳೆದರು. ನಾಯಿ ತಿರುಗಿ ಮುಂಗೈಗೆ ಕಚ್ಚಿತು. ಎರಡು ಆಳದ ಗಾಯ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಎಟುಕದ ಗುರಿಯ ಮೇಲಿನ ಆವೇಶ ಎಟುಕಿದವರ ಮೇಲೆ ತಿರುಗುವುದು ಇಂಥ ಜಗಳದ ಅತ್ಯಂತ ಸಾಮಾನ್ಯ ಗಾಯ. ಅದು ನಾಯಿ ಕೆಟ್ಟದ್ದು ಎಂಬುದರ ಗುರುತಲ್ಲ. ಆ ಕ್ಷಣದಲ್ಲಿ ಅದಕ್ಕೆ ಕೈ ಯಾರದೆಂದೇ ತಿಳಿದಿರುವುದಿಲ್ಲ. ಹಾಗೆ ಎದ್ದುನಿಂತ ನಾಯಿಯ ಪಟ್ಟಿಗೆ ಕೈ ಹಾಕಬಾರದು. ಮಧ್ಯೆ ಒಂದು ಹಲಗೆ, ಪ್ಲಾಸ್ಟಿಕ್ ಕುರ್ಚಿ, ಕೊನೆಗೆ ದಪ್ಪ ಜಮಖಾನೆಯಾದರೂ ಇಳಿಬಿಟ್ಟು ನೋಟ ಕತ್ತರಿಸಬೇಕು. ನೋಟ ತಪ್ಪಿದ ಮೇಲೆ ಕರೆದರೆ ನಾಯಿ ಬರುತ್ತದೆ.

ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ಮೊದಲ ಕೆಲಸ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ನಮ್ಮದೇ ನಾಯಿ, ಲಸಿಕೆ ಆಗಿದೆ ಎಂದು ಸುಮ್ಮನಿರಲಿಲ್ಲ. ಅದು ಸರಿಯಾದ ತೀರ್ಮಾನ. ರೇಬಿಸ್ ಇರುವ ದೇಶದಲ್ಲಿ ಲಸಿಕೆ ಶುರು ಮಾಡಿಯೇ ನಾಯಿಯನ್ನು ಹತ್ತು ದಿನ ಗಮನಿಸುವುದು ಕ್ರಮ. ತೋಳಿಗೆ ಚುಚ್ಚುವ ಲಸಿಕೆಯಾದರೆ 0, 3, 7, 14, 28ನೇ ದಿನ. ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಮುಂದಿನ ಡೋಸುಗಳ ಬಗ್ಗೆ ವೈದ್ಯರು ಹೇಳುತ್ತಾರೆ. ಬೆಕ್ಕು ಪರಚಿ ರಕ್ತ ಬಂದರೂ ಇದೇ ಕ್ರಮ. ಬೆಕ್ಕಿನಿಂದ ರೇಬಿಸ್ ಬರುವುದಿಲ್ಲ ಎಂದು ನಂಬಿದವರು ಇನ್ನೂ ಬೇಕಾದಷ್ಟಿದ್ದಾರೆ.

ವಿಷದ ಆರೋಪ

ಕಚ್ಚಿದ ಘಟನೆಗೆ ಹತ್ತು ದಿನವೂ ಆಗಿರಲಿಲ್ಲ, ಬೆಕ್ಕಿನ ಮನೆಯ ಕೆಂಚು ಮರಿ ನಡುಗತೊಡಗಿತು. ಮೊದಲು ಕಿವಿ ಅದುರು, ಆಮೇಲೆ ಮೈಯೆಲ್ಲ ಸೆಟೆದು ಬಾಯಲ್ಲಿ ನೊರೆ. ನಾಯಿ ಮನೆಯವರೇ ವಿಷ ಇಟ್ಟಿದ್ದಾರೆ ಎಂದು ಬೀದಿಯ ಅರ್ಧ ಮಂದಿ ಅದಾಗಲೇ ತೀರ್ಪು ಕೊಟ್ಟಾಗಿತ್ತು. ನುಸಿಗುಳಿಗೆ ಕಣ್ಣೆದುರೇ ಬಿದ್ದಿತ್ತಲ್ಲ. ಪೊಲೀಸ್ ದೂರಿನ ಮಾತೂ ಬಂತು. ಹಗುರವಾದ ಮಾತಲ್ಲ ಅದು. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲು ತರಬಹುದಾದ ಅಪರಾಧ.

ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ: "ಚಿಗಟಕ್ಕೆ ಏನಾದರೂ ಹಾಕಿದ್ರಾ?"

ಹಾಕಿದ್ದರು. ಹಿಂದಿನ ದಿನ ಅಂಗಡಿಯಲ್ಲಿ ಚಿಗಟಕ್ಕೆ ಔಷಧಿ ಕೇಳಿದಾಗ ಕೊಟ್ಟ ಪುಟ್ಟ ಟ್ಯೂಬು. ಕತ್ತಿನ ಹಿಂಭಾಗಕ್ಕೆ ಹಿಂಡುವಂಥದ್ದು. ನಾಯಿಗೆಂದೇ ಮಾಡಿದ್ದು, ಒಳಗೆ ಪರ್ಮೆಥ್ರಿನ್. ನಾಯಿಯ ಉಣ್ಣಿಗೆ ಧಾರಾಳವಾಗಿ ಬಳಸುವ ಈ ಔಷಧಿ ಬೆಕ್ಕಿಗೆ ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್ ತರುತ್ತದೆ. ಅದನ್ನು ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ದುರ್ಬಲ. ಫಿನಾಯಿಲ್ ವಿಷಯದಲ್ಲಿ ಹೇಳಿದ ಕೊರತೆಯೇ ಇಲ್ಲೂ. ಟ್ಯೂಬಿನ ಹೊದಿಕೆಯ ಮೇಲೆ ಬೆಕ್ಕಿನ ಚಿತ್ರಕ್ಕೆ ಅಡ್ಡಗೀರು ಹಾಕಿತ್ತು, ಹೆಬ್ಬೆಟ್ಟಿನ ಉಗುರಿನಷ್ಟು ಗಾತ್ರದಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದರು. ಬಿಸಿನೀರು ಬಳಸಿದರೆ ಚರ್ಮ ಇನ್ನಷ್ಟು ಹೀರುತ್ತದೆ, ತಣ್ಣೀರು ಬಳಸಿದರೆ ಮೈ ತಣ್ಣಗಾಗಿ ನಡುಕ ಹೆಚ್ಚುತ್ತದೆ. ಸ್ನಾಯು ಸಡಿಲಿಸುವ ಇಂಜೆಕ್ಷನ್, ಡ್ರಿಪ್. ಮೂರು ದಿನಕ್ಕೆ ಮರಿ ಎದ್ದು ನಿಂತಿತು.

ಮರಿ ಸತ್ತಿದ್ದರೆ ಏನು ಮಾಡಬೇಕಿತ್ತು ಎಂಬುದನ್ನೂ ಇಲ್ಲೇ ಹೇಳಬೇಕು. ವಿಷದ ಶಂಕೆ ಇದ್ದಾಗ ಹೂಳುವ ಆತುರ ಬೇಡ. ಹೆಣವನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸಿನ ಮಧ್ಯೆ ಇಟ್ಟು ಅದೇ ದಿನ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ದು ಮರಣೋತ್ತರ ಪರೀಕ್ಷೆ ಕೇಳಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಅಂಗಾಂಶ ಹಾಳಾಗುತ್ತದೆ. ವಾಂತಿ ಇದ್ದರೆ ಅದರ ಒಂದು ಚಮಚವನ್ನು ಬೇರೆ ಡಬ್ಬಿಯಲ್ಲಿ ಹಾಕಿಡಬೇಕು. ಆ ವರದಿ ಇಲ್ಲದೆ ಠಾಣೆಗೆ ಹೋದರೆ ಸಿಗುವ ಉತ್ತರ ಅಡ್ಡಗೋಡೆಯ ಮೇಲಿನ ದೀಪದಂತೆ, ಆ ಕಡೆಗೂ ಈ ಕಡೆಗೂ ಅರೆಬೆಳಕು.

ಅಂಗಡಿಯ ಟ್ಯೂಬಿನ ಸಂಗತಿ ಹೊರಬಂದ ಮೇಲೆ ಬೆಕ್ಕಿನ ಮನೆಯವರು ಕ್ಷಮೆ ಕೇಳಲಿಲ್ಲ. ಆದರೆ ದನಿ ಇಳಿಯಿತು. ಮಾತುಕತೆಗೆ ಜಾಗ ಸಿಕ್ಕಿದ್ದು ಆಗಲೇ.

ಹದಿನಾಲ್ಕು ದಿನದ ಪುಸ್ತಕ

ಎರಡೂ ಮನೆಯವರು ಒಪ್ಪಿದ ಮೊದಲ ಕೆಲಸ ಬರೆಯುವುದು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮು: ಸಮಯ, ಎಷ್ಟು ಹೊತ್ತು ಬೊಗಳಿತು, ಎದುರಿಗೆ ಏನಿತ್ತು, ಹೇಗೆ ನಿಂತಿತು. ಹಗಲಿಗೆ ಓಣಿಯ ಕಡೆ ಮುಖ ಮಾಡಿದ ಹಳೆಯ ಫೋನೊಂದನ್ನು ಕ್ಯಾಮೆರಾ ಆಗಿ ಇಟ್ಟರು. ಕ್ಯಾಮೆರಾ ಪಕ್ಕದ ಮನೆಯ ಕಿಟಕಿ, ಬಾಗಿಲು ಹಿಡಿಯದಂತೆ ಕೋನ ಇಡಬೇಕು. ಇಲ್ಲದಿದ್ದರೆ ಅದೇ ಹೊಸ ಜಗಳ.

ಹದಿನಾಲ್ಕು ದಿನಕ್ಕೆ 73 ನಮೂದು. ಅದರಲ್ಲಿ 28 ಗೇಟಿನ ಕಡೆಯವು: ಹಾಲು, ಪೇಪರ್, ಕಸದ ಆಟೋದ ಹಾಡು, ಪಾರ್ಸೆಲ್ ಹುಡುಗರು. 14ಕ್ಕೆ ಕಾರಣ ತಿಳಿಯಲಿಲ್ಲ. ಉಳಿದ 31 ಬೆಕ್ಕು. ಈ 31ರಲ್ಲಿ ಬೂದು ಹೆಣ್ಣು 9 ಸಲ, ಕೆಂಚು ಮರಿ 3 ಸಲ. ಮಿಕ್ಕ 19 ಸಲ ಗೋಡೆಯ ಮೇಲಿದ್ದದ್ದು ಯಾರಿಗೂ ಸೇರದ ಒಂದು ಕಪ್ಪು ಬಿಳಿ ಗಂಡು. ಕೆನ್ನೆ ಊದಿದ, ಕಿವಿ ಹರಿದ, ಹಳ್ಳಿ ಕಡೆ ಮಾಳ ಬೆಕ್ಕು ಎನ್ನುತ್ತಾರಲ್ಲ, ಆ ಜಾತಿಯದು. ಬೆಳಗಿನ ಜಾವದ ಐದು ಗಂಟೆಯ ಗಲಾಟೆಯೆಲ್ಲ ಇದರದೇ. ಸ್ಕೂಟರ್ ಸೀಟಿಗೆ ಉಚ್ಚೆ ಚಿಮುಕಿಸುತ್ತಿದ್ದದ್ದೂ ಇದೇ ಎಂದು ಕ್ಯಾಮೆರಾ ತೋರಿಸಿತು.

ನಮ್ಮ ಬೆಕ್ಕಲ್ಲ ಎಂದು ಬೆಕ್ಕಿನ ಮನೆಯವರು ನಿಟ್ಟುಸಿರು ಬಿಡುವಂತಿರಲಿಲ್ಲ. ಗಂಡು ಬರುತ್ತಿದ್ದದ್ದು ಆಪರೇಷನ್ ಆಗದ ಬೂದು ಹೆಣ್ಣಿಗಾಗಿ. ಗಬ್ಬವಾಗದ ಹೆಣ್ಣು ಬೆಕ್ಕು ಎರಡು ಮೂರು ವಾರಕ್ಕೊಮ್ಮೆ ಬೆದೆಗೆ ಬರುತ್ತದೆ. ಹಗಲಿನ ಬೆಳಕು ವರ್ಷವಿಡೀ ಸಾಕಷ್ಟಿರುವ ನಮ್ಮ ಕಡೆ ಅದಕ್ಕೆ ಬಿಡುವಿನ ಋತುವೇ ಇಲ್ಲ. ಜೊತೆಗೆ ಹಿತ್ತಲ ಮೆಟ್ಟಿಲ ಮೇಲೆ ರಾತ್ರಿಯಿಡೀ ಇರುತ್ತಿದ್ದ ಹಾಲನ್ನದ ಬಟ್ಟಲು. ಬೊಗಳುವುದಕ್ಕೆ ಮಾಳ ಬೆಕ್ಕು, ಮಾಳ ಬೆಕ್ಕಿಗೆ ಬೂದು ಬೆಕ್ಕು ಮತ್ತು ಬಟ್ಟಲು. ಎಂಟು ತಿಂಗಳ ಜಗಳದಲ್ಲಿ ಈ ಸರಪಳಿಯನ್ನು ಎರಡೂ ಮನೆಯವರು ನೋಡಿರಲಿಲ್ಲ. ಪುಸ್ತಕವಿಲ್ಲದೆ ಕಾಣುವಂಥದ್ದೂ ಅಲ್ಲ.

ಗೋಣಿಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬಂದರಾಯಿತಲ್ಲ ಎಂದು ಮೂರನೇ ಮನೆಯವರೊಬ್ಬರು ಸೂಚಿಸಿದರು. ಎಲ್ಲ ಬೀದಿಯಲ್ಲೂ ಹೀಗೆ ಹೇಳುವವರು ಒಬ್ಬರಿರುತ್ತಾರೆ. ಹಾಗೆ ಬಿಟ್ಟ ಬೆಕ್ಕು ಹೊಸ ಜಾಗದ ಬೆಕ್ಕುಗಳಿಂದ ಹೊಡೆತ ತಿನ್ನುತ್ತದೆ, ಇಲ್ಲವೇ ವಾಪಸ್ ಬರಲು ಹೊರಟು ರಸ್ತೆಯಲ್ಲಿ ಸಾಯುತ್ತದೆ. ಇಲ್ಲಿ ಹೆಣ್ಣೂ ಬಟ್ಟಲೂ ಇರುವವರೆಗೆ ಖಾಲಿಯಾದ ಜಾಗಕ್ಕೆ ಇನ್ನೊಂದು ಗಂಡು ಬಂದೇ ಬರುತ್ತದೆ.

ಬೆಕ್ಕಿನ ಕಡೆಯ ಕೆಲಸ

ಮೊದಲು ಮೂರಕ್ಕೂ ಆಪರೇಷನ್. ಸಾಕಿದ ಎರಡರ ಖರ್ಚು ಬೆಕ್ಕಿನ ಮನೆಯದು, ಮಾಳ ಬೆಕ್ಕಿನದು ಅರ್ಧ ಅರ್ಧ. ನಾಯಿ ಮನೆಯವರು ಅರ್ಧ ಕೊಟ್ಟದ್ದು ನ್ಯಾಯಕ್ಕಿಂತ ಹೆಚ್ಚಾಗಿ ಜಾಣತನ. ಐದು ಗಂಟೆಗೆ ಎಚ್ಚರವಾಗುತ್ತಿದ್ದದ್ದು ಅವರಿಗೂ ತಾನೆ.

ಮಾಳ ಬೆಕ್ಕನ್ನು ಕೈಯಲ್ಲಿ ಹಿಡಿಯಲು ಹೋಗಬಾರದು. ಬಾಗಿಲು ತಾನೇ ಬೀಳುವ ಬೋನನ್ನು ಪ್ರಾಣಿದಯಾ ಸಂಸ್ಥೆಯಿಂದ ಎರಡು ದಿನಕ್ಕೆ ತಂದರು. ಮೂರು ದಿನ ಬಾಗಿಲನ್ನು ಕಟ್ಟಿ ತೆರೆದಿಟ್ಟು ಒಳಗೇ ಊಟ ಕೊಟ್ಟು ಅಭ್ಯಾಸ ಮಾಡಿಸಿದರೆ ಕೆಲಸ ಸುಲಭ. ಇಲ್ಲಿ ಆ ತಾಳ್ಮೆ ಇರಲಿಲ್ಲ. ಮೊದಲ ರಾತ್ರಿ ಬೋನಿಗೆ ಬಿದ್ದದ್ದು ಕೆಂಚು ಮರಿ, ಎರಡನೇ ರಾತ್ರಿ ಹೆಗ್ಗಣ. ಬೋನನ್ನು ಇನ್ನೆರಡು ದಿನ ಉಳಿಸಿಕೊಂಡು, ಮನೆಯ ಬೆಕ್ಕುಗಳನ್ನು ಒಳಗೆ ಕೂಡಿ, ಹುರಿದ ಬೂತಾಯಿ ಮೀನು ಇಟ್ಟ ಮೇಲೆ ಗಂಡು ಸಿಕ್ಕಿತು. ಸಿಕ್ಕ ತಕ್ಷಣ ಬೋನಿನ ಮೇಲೆ ಬೆಡ್‌ಶೀಟ್ ಹೊದಿಸಬೇಕು. ಕತ್ತಲಾದರೆ ಬೆಕ್ಕು ಬಡಿದಾಡುವುದು ನಿಲ್ಲುತ್ತದೆ. ಆಪರೇಷನ್ ಜೊತೆಗೇ ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ ಅದೇ ಜಾಗಕ್ಕೆ ಬಿಟ್ಟರು. ಉಚ್ಚೆ ಚಿಮುಕಿಸುವುದು ಮಾರನೇ ದಿನಕ್ಕೇ ನಿಲ್ಲುವುದಿಲ್ಲ. ಹಾರ್ಮೋನು ಇಳಿಯಲು ವಾರಗಳು ಬೇಕು. ಹತ್ತರಲ್ಲಿ ಒಂದು ಗಂಡು ಆಮೇಲೂ ಆ ಚಾಳಿ ಬಿಡುವುದಿಲ್ಲ.

ಬಟ್ಟಲು ಒಳಗೆ ಹೋಯಿತು. ದಿನಕ್ಕೆ ಎರಡೇ ಊಟ, ಎರಡನೆಯದು ಸಂಜೆ ಆರೂವರೆಗೆ, ಮನೆಯೊಳಗೆ. ಬೆಕ್ಕು ಚುರುಕಾಗುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ, ಗಲಾಟೆಯ ಹೊತ್ತೂ ಅದೇ. ಊಟಕ್ಕೆ ಮುಂಚೆ ಹತ್ತು ನಿಮಿಷ ದಾರಕ್ಕೆ ಕಟ್ಟಿದ ಕಾಗದದ ಉಂಡೆಯ ಆಟ, ಆಮೇಲೆ ಊಟ, ಆಮೇಲೆ ಬಾಗಿಲು ಬಂದ್. ಮೊದಲ ಆರು ರಾತ್ರಿ ಬೂದು ಬೆಕ್ಕು ಬಾಗಿಲು ಪರಚಿ ಕೂಗಿತು. ನಾಲ್ಕನೇ ರಾತ್ರಿ ಮನೆಯವರು ಸೋತು ಬಾಗಿಲು ತೆರೆದರು. ಒಮ್ಮೆ ತೆರೆದರೆ ಮುಂದಿನ ನಾಲ್ಕು ರಾತ್ರಿಯ ಕೂಗಿಗೆ ಸಂಬಳ ಕೊಟ್ಟಂತೆ. ಲೆಕ್ಕ ಮೊದಲಿಂದ ಶುರು.

ಒಳಗೆ ಇಡಬೇಕೆಂದರೆ ಒಳಗೆ ಕಕ್ಕಸು ಬೇಕು. ಎರಡು ಬೆಕ್ಕಿಗೆ ಮೂರು ಟ್ರೇ. ಪೆಟ್ ಅಂಗಡಿಯ ಟ್ರೇ ಚಿಕ್ಕದಾಗುತ್ತದೆ, ಸಿಮೆಂಟ್ ಕಲಸುವ ಪ್ಲಾಸ್ಟಿಕ್ ಬಾಣಲೆ ಅಗ್ಗ ಮತ್ತು ದೊಡ್ಡದು. ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಅಗಲ ಇರಬೇಕು, ಮರಳು ಎರಡರಿಂದ ಮೂರು ಇಂಚು. ಖಾಲಿ ಸೈಟಿನ ಅದೇ ಮರಳನ್ನು ಜರಡಿ ಹಿಡಿದು ತುಂಬಿಸಿದ್ದು ಜಾಣ ಕೆಲಸ, ಕಾಲಿಗೆ ಗುರುತಿನ ಮರಳು. ದಿನಕ್ಕೆರಡು ಸಲ ತೆಗೆಯಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇದ್ದರೆ ಅದು ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದರೆ ಆ ಅವಕಾಶ ಸಿಗದು. ಬಸುರಿ ಹೆಂಗಸರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಹಗಲು ಹೊತ್ತಿಗೆ ಹಿತ್ತಿಲಿನಲ್ಲೇ ಇರಲೆಂದು ಗೋಡೆಗೆ ಬಲೆ. ಇಲ್ಲಿ ಮೊದಲು ತಪ್ಪಾಯಿತು. ವಿಡಿಯೋ ನೋಡಿ ಗೋಡೆಯ ನೆತ್ತಿಗೆ ಉರುಳುವ ಪಿವಿಸಿ ಪೈಪು ಹಾಕಿಸಿದರು. ಬೆಕ್ಕು ಮುಂಗಾಲು ಊರಿದರೆ ಪೈಪು ತಿರುಗಿ ಹಿಡಿತ ಸಿಗಬಾರದು ಎಂಬುದು ಲೆಕ್ಕ. ಆರಡಿಗಿಂತ ಎತ್ತರದ ಬೇಲಿಗೆ ಆ ಲೆಕ್ಕ ಸರಿ. ಅಲ್ಲಿ ಬೆಕ್ಕು ಅಂಚಿಗೆ ಉಗುರು ಹಾಕಿ ಮೈ ಎಳೆದುಕೊಳ್ಳಬೇಕು. ಐದಡಿ ಗೋಡೆಯನ್ನು ಬೂದು ಬೆಕ್ಕು ನೆಲದಿಂದ ನೇರವಾಗಿ ಹಾರಿ, ಪೈಪನ್ನೇ ದಾಟಿ ಆಚೆ ಇಳಿಯಿತು. ಪೈಪು ತಂದದ್ದೂ ಒಂದು ಇಂಚಿನದು, ಮೂರು ನಾಲ್ಕು ಇಂಚು ದಪ್ಪ ಇಲ್ಲದಿದ್ದರೆ ಬೆಕ್ಕು ಅದನ್ನು ತಬ್ಬಿ ಹಿಡಿಯುತ್ತದೆ.

ಎರಡನೇ ಸಲ ಒಳಮುಖದ ಬಲೆ. ಗೋಡೆಯ ಒಳಬದಿಗೆ, ಐದಡಿಗೊಂದರಂತೆ ಕಬ್ಬಿಣದ ಪಟ್ಟಿಯ ಬ್ರಾಕೆಟ್. ನೇರ ಒಂದಡಿ ಎದ್ದು ಅಲ್ಲಿಂದ ತಮ್ಮದೇ ಹಿತ್ತಿಲಿನ ಕಡೆಗೆ 45 ಡಿಗ್ರಿ ಬಾಗಿದ ಒಂದೂವರೆ ಅಡಿ. ಮೇಲೆ ಒಂದೂಕಾಲು ಇಂಚಿನ ಕಣ್ಣಿನ ನೈಲಾನ್ ಬಲೆ. ಬಲೆಯನ್ನು ವೀಣೆಯ ತಂತಿಯಂತೆ ಬಿಗಿದರೆ ಬೆಕ್ಕು ಅದನ್ನೇ ಏಣಿ ಮಾಡಿಕೊಳ್ಳುತ್ತದೆ. ಸ್ವಲ್ಪ ಜೋಲು ಬಿಟ್ಟರೆ ಕಾಲಿಟ್ಟಾಗ ಅಲುಗಾಡುತ್ತದೆ, ಅಲುಗಾಡುವುದನ್ನು ಬೆಕ್ಕು ನಂಬುವುದಿಲ್ಲ. ಸಜ್ಜಾದಿಂದ ಗೋಡೆಗೆ ಇದ್ದ ಹಾರುದೂರ ಎರಡಡಿ ಮಾತ್ರ. ಆ ಭಾಗಕ್ಕೆ ಪೂರ್ತಿ ಪರದೆಯಂತೆ ಬಲೆ ಇಳಿಬಿಟ್ಟರು. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪು ಯಾರಿಗೂ ನೆನಪಾಗಲಿಲ್ಲ, ಕೆಂಚು ಮರಿಗೆ ನೆನಪಾಯಿತು. ಪೈಪಿಗೆ ಎರಡಡಿ ಉದ್ದದ ನುಣುಪು ಶೀಟಿನ ಪಟ್ಟಿ ಸುತ್ತಿದ ಮೇಲೆ ಆ ದಾರಿಯೂ ಮುಚ್ಚಿತು. ಗೋಡೆ ಇಬ್ಬರಿಗೂ ಸೇರಿದ್ದು, ಹಾಗಾಗಿ ಮೊಳೆ ಹೊಡೆಯುವ ಮುನ್ನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದಿದ್ದರು.

ನಾಯಿಯ ಕಡೆಯ ಕೆಲಸ

ಅಗ್ಗದ ಕೆಲಸವೇ ಹೆಚ್ಚು ಫಲ ಕೊಟ್ಟದ್ದು: ಒಗೆಯುವ ಕಲ್ಲನ್ನು ಗೋಡೆಯಿಂದ ದೂರ ಸರಿಸಿದರು. ಎರಡೂವರೆ ಅಡಿಯ ಕಲ್ಲಿನ ಮೇಲೆ ನಿಂತ ಮುಧೋಳಕ್ಕೆ ಐದಡಿ ಗೋಡೆ ಉಳಿಯುವುದು ಎರಡೂವರೆ ಅಡಿ ಮಾತ್ರ. ಎಂಟು ತಿಂಗಳು ಆ ನಾಯಿ ಹಾರದೇ ಇದ್ದದ್ದು ಬರೀ ಅದೃಷ್ಟ. ಹಾರಿ ಆಚೆ ಯಾರಿಗಾದರೂ ಗಾಯ ಮಾಡಿದ್ದರೆ ನ್ಯಾಯ ಸಂಹಿತೆಯ 291ನೇ ಕಲಮು ಮಾಲೀಕರ ಕಡೆಗೆ ತಿರುಗುತ್ತಿತ್ತು, ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ಎಂದು.

ಗೇಟಿನ ಸರಳುಗಳಿಗೆ ಒಳಗಿನಿಂದ ಶೀಟು. ಗೋಡೆಯ ಕಡೆಗೆ ಮೊದಲು ಹಸಿರು ಶೇಡ್‌ನೆಟ್ ಕಟ್ಟಿದರು. ಗಾಳಿಗೆ ಪಟಪಟ ಹೊಡೆದುಕೊಂಡು ಅದೇ ಬೊಗಳಲು ಹೊಸ ಕಾರಣವಾಯಿತು. ಶೇಡ್‌ನೆಟ್ಟಿನಿಂದ ಆಚೆಯ ನೆರಳು ಅರೆಬರೆ ಕಾಣುತ್ತದೆ, ಅರೆಬರೆ ಕಾಣುವುದು ಪೂರ್ತಿ ಕಾಣುವುದಕ್ಕಿಂತ ಕೆಟ್ಟದ್ದು. ಬಿಚ್ಚಿ, ಗೋಡೆಯ ನೆತ್ತಿಯಿಂದ ಒಂದೂವರೆ ಅಡಿ ಎತ್ತರಕ್ಕೆ ಬಿಗಿಯಾದ ಫೈಬರ್ ಶೀಟು ಹಾಕಿದರು.

ಓಣಿಯಲ್ಲಿ ಒಂಬತ್ತು ಗಂಟೆ ಕೂಡಿಡುವುದು ನಿಂತಿತು. ನಾಯಿ ಹಗಲು ನಡುಮನೆಯಲ್ಲಿ, ಓಣಿಗೆ ಹೋಗುವುದು ಮನೆಯವರ ಜೊತೆಗೆ ಮಾತ್ರ. ಬೆಳಗ್ಗೆ ಸಂಜೆ ಮುಕ್ಕಾಲು ಗಂಟೆ ನಡಿಗೆ, ವಾರಕ್ಕೆ ಮೂರು ದಿನ ಸುತ್ತ ಬೇಲಿ ಇರುವ ಮೈದಾನದಲ್ಲಿ ಓಟ. ಇದು ಓಡಲೆಂದೇ ಹುಟ್ಟಿದ ನಾಯಿ, ನಡಿಗೆಯೊಂದೇ ಸಾಲದು. ಹಗ್ಗ ಹತ್ತು ಮೀಟರಿನದು. ಕಟ್ಟುವುದು ಎದೆಗೆ ಹಾಕುವ ಹಾರ್ನೆಸ್ಸಿಗೆ. ಮುಧೋಳದ ತಲೆ ಕತ್ತಿಗಿಂತ ಹೆಚ್ಚು ದಪ್ಪವಿಲ್ಲ, ಮಾಮೂಲಿ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುತ್ತದೆ.

ತರಬೇತಿ ಸರಳ, ಬೇಸರದ್ದು. ಬೇಯಿಸಿದ ಕೋಳಿಯ ಕಡಲೆಕಾಳು ಗಾತ್ರದ ತುಂಡು ಮೂವತ್ತು. ಬೆಕ್ಕು ಕಾಣುವ, ಆದರೆ ನಾಯಿ ಬೊಗಳದೇ ಇರುವ ದೂರದಲ್ಲಿ ನಿಲ್ಲಬೇಕು. ಇಲ್ಲಿ ಅದು ಇಪ್ಪತ್ತೈದು ಅಡಿ, ಗೇಟಿನಾಚೆ. ನಾಯಿ ಬೆಕ್ಕನ್ನು ನೋಡಿದ ಕ್ಷಣ "ಹಾಂ" ಎಂದು ಒಂದು ತುಂಡು. ಬೊಗಳಿದ ಮೇಲೆ ಕೊಟ್ಟರೆ ತಡವಾಯಿತು, ಬೊಗಳಿದರೆ ದೂರ ಸಾಲದು ಎಂದರ್ಥ, ಐದಡಿ ಹಿಂದೆ ಸರಿಯಬೇಕು. ಐದೇ ನಿಮಿಷ, ದಿನಕ್ಕೆ ಎರಡು ಸಲ. ಎರಡನೇ ವಾರದ ಕೊನೆಗೆ ನಾಯಿ ಬೆಕ್ಕು ನೋಡಿದೊಡನೆ ತಾನಾಗಿ ಕೈ ಕಡೆ ತಿರುಗತೊಡಗಿತು. ಶಾಕ್ ಕೊಡುವ ಪಟ್ಟಿಯ ಮಾತು ಬಂದಿತ್ತು. ಆ ನೋವನ್ನು ನಾಯಿ ಎದುರಿಗಿದ್ದ ಬೆಕ್ಕಿನ ಲೆಕ್ಕಕ್ಕೇ ಹಚ್ಚುತ್ತದೆ, ಅಲ್ಟ್ರಾಸೋನಿಕ್ ಯಂತ್ರದ ಕಥೆಯೇ ಮತ್ತೆ.

ಉಚ್ಚೆಯ ಕಲೆಗೆ ಎಂಜೈಮ್ ಇರುವ ಕ್ಲೀನರ್, ಅದು ಹತ್ತು ಹದಿನೈದು ನಿಮಿಷ ಒದ್ದೆಯಾಗಿಯೇ ಇರಬೇಕು. ಹಾಕಿ ತಕ್ಷಣ ಒರೆಸಿದರೆ ದುಡ್ಡು ದಂಡ. ತುಳಸಿ ಕುಂಡದ ಮಣ್ಣಿನ ಮೇಲೆ ಮುಷ್ಟಿಗಾತ್ರದ ಹೊಳೆಕಲ್ಲು ಹೊದಿಸಿದರು. ಕೆದಕಲು ಬಾರದ ಮಣ್ಣು ಬೆಕ್ಕಿಗೆ ಬೇಡ.

ಕಾಗದ, ಮತ್ತು ಮೂರು ತಿಂಗಳ ನಂತರ

ಒಪ್ಪಂದ ಒಂದೇ ಪುಟ, ಕೈಬರಹ. ಅದರಲ್ಲಿ "ಸಹಕರಿಸುವುದು", "ಹೊಂದಿಕೊಂಡು ಹೋಗುವುದು" ಎಂಬ ಪದಗಳೇ ಇಲ್ಲ. "ಸಂಜೆ 6:30ರಿಂದ ಬೆಳಗ್ಗೆ 7ರವರೆಗೆ ಬೆಕ್ಕುಗಳು ಒಳಗೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಾಯಿ ಒಳಗೆ. ಹೊರಗೆ ಊಟದ ಬಟ್ಟಲು ಇಡುವುದಿಲ್ಲ. ಯಾವ ಪುಡಿ, ಗುಳಿಗೆ, ಔಷಧಿಯನ್ನೂ ಗೋಡೆ ಬಳಿ ಹಾಕುವುದಿಲ್ಲ. ತೊಂದರೆ ಆದರೆ ಮೊದಲು ಮೆಸೇಜು, ಕೂಗಾಟ ಇಲ್ಲ." ಹತ್ತರಿಂದ ಆರು ಎಂಬುದು ಸುಮ್ಮನೆ ಬಂದದ್ದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ ಅದೇ ಅವಧಿ.

ಮೂರನೇ ತಿಂಗಳಲ್ಲಿ ಮತ್ತೆ ಹದಿನಾಲ್ಕು ದಿನ ಬರೆದರು. 73 ಇದ್ದದ್ದು 22. ಬೆಕ್ಕಿನ ಕಾರಣಕ್ಕೆ 4, ಮಿಕ್ಕಿದ್ದು ಬಹುಪಾಲು ಕಸದ ಆಟೋ. ಕಿವಿ ತುದಿ ಇಲ್ಲದ ಮಾಳ ಬೆಕ್ಕು ಈಗ ವಾರಕ್ಕೆ ಒಂದೆರಡು ಸಲ ಗೇಟಿನ ಕಂಬದ ಮೇಲೆ ಕೂರುತ್ತದೆ, ಅಲ್ಲಿಂದ ಖಾಲಿ ಸೈಟಿನ ಕಡೆ ಇಳಿದು ಹೋಗುತ್ತದೆ. ಸ್ಕೂಟರ್ ಸೀಟಿಗೆ ಇನ್ನೂ ಕವರ್ ಹಾಕಿಯೇ ಇಡುತ್ತಾರೆ. ಎರಡು ಮನೆಯ ಹೆಂಗಸರು ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟುಕೊಂಡರು, ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

ಬಾಕಿ ಇರುವುದು ಬಲೆಯ ರಿಪೇರಿ. ಬಲೆ ಕಟ್ಟಿದ ಪ್ಲಾಸ್ಟಿಕ್ ಟ್ಯಾಗುಗಳು ಒಂದು ಬೇಸಿಗೆಯ ಬಿಸಿಲಿಗೆ ಚಕ್ಕೆಯಾಗಿ ಮುರಿಯುತ್ತವೆ. ಮಳೆಗಾಲಕ್ಕೆ ಮುಂಚೆ ಅವನ್ನು ಕತ್ತರಿಸಿ ಜಿಐ ಬೈಂಡಿಂಗ್ ವೈರಿನಲ್ಲಿ ಕಟ್ಟಬೇಕು, ಬ್ರಾಕೆಟ್ಟಿನ ಬೆಸುಗೆಗಳಿಗೆ ರೆಡ್ ಆಕ್ಸೈಡ್ ಬಳಿಯಬೇಕು. ಟ್ಯಾಂಕ್ ಪೈಪಿನ ಹತ್ತಿರದ ಮೂಲೆಯಲ್ಲಿ ಎರಡು ಟ್ಯಾಗು ಈಗಾಗಲೇ ಹೋಗಿವೆ. ಕೆಂಚು ಮರಿ ದಿನವೂ ಮಧ್ಯಾಹ್ನ ಅದರ ಕೆಳಗೇ ಕೂತು ಮೇಲೆ ನೋಡುತ್ತಿರುತ್ತದೆ.